ದೇವಯ್ಯನವರ ಹೆಸರಿಗೆ ಬಂದ ಆಕ್ಷೇಪಗಳು: ಒಂದು ಪ್ರತ್ಯುತ್ತರ

ನಮ್ಮ ಬಡಾವಣೆಯ ವೃತ್ತಕ್ಕೆ 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮಡಿದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿಡಬೇಕು, ಅದರ ಕೆಳಗೆ ಯುದ್ಧದಲ್ಲಿ ಶತ್ರುವಿನ ಕೈಗೆ ಸೆರೆಸಿಕ್ಕ ನಮ್ಮ ವೈಮಾನಿಕರ ಬಗ್ಗೆ ನಾಲ್ಕು ಸಾಲಿನ ಫಲಕ ಹಾಕಬೇಕು ಎಂದು ನಾನು ಸಂಘದ ಮುಂದೆ ಇಟ್ಟ ಸಲಹೆಗೆ ಆಕ್ಷೇಪಣೆಯ ಪತ್ರ ಬಂದಿದೆ. ಸಹಿ ಹಾಕಿದವರೆಲ್ಲ ನನಗೆ ಬೇಕಾದವರೇ. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಮುಂದೆ ನನ್ನ ಜೊತೆಗೇ ತಲೆ ನರೆಸಿಕೊಂಡವರಿದ್ದಾರೆ, ದಿನಾ ಊರಿನ ಈ ತುದಿಯಿಂದ ವೈಟ್‌ಫೀಲ್ಡಿಗೆ ಹೋಗಿಬರುವ ಸಾಫ್ಟ್‌ವೇರ್ ಹುಡುಗರೂ ಇದ್ದಾರೆ. ಪತ್ರದಲ್ಲಿ ಸಿಟ್ಟಿಲ್ಲ, ವಾದವಿದೆ. ಅಂಥ ಪತ್ರಕ್ಕೆ ಸಭೆಯಲ್ಲಿ ಕೈಯೆತ್ತಿಸಿ ಉತ್ತರ ಹೇಳುವುದು ಸರಿಯಲ್ಲ. ಒಂದೊಂದು ಮಾತಿಗೂ ಬರೆದೇ ಉತ್ತರ ಕೊಡುತ್ತೇನೆ.

ಮೊದಲನೆಯದು: "ದೇವಯ್ಯ ಕೊಡಗಿನವರು, ಬಿದ್ದದ್ದು ಪಾಕಿಸ್ತಾನದ ನೆಲದಲ್ಲಿ. ಈ ಕಾರ್ಖಾನೆ ಪ್ರದೇಶಕ್ಕೂ ಅವರಿಗೂ ಏನು ನಂಟು?"

ನಂಟು ಬೇಕಾದಷ್ಟಿದೆ. ಪೀಣ್ಯದ ಮಗ್ಗುಲಲ್ಲೇ ಜಾಲಹಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಗಾಯಾಳು ಸೈನಿಕರಿಗಾಗಿ ಒಂದು ಆಸ್ಪತ್ರೆ ಪಟ್ಟಣವೇ ಎದ್ದಿತು. ಅದರ ಕಟ್ಟಡಗಳಿಗೆ ಕೈ ಹಚ್ಚಿದವರಲ್ಲಿ ಉತ್ತರ ಆಫ್ರಿಕಾದ ರಣರಂಗದಲ್ಲಿ ಸೆರೆಸಿಕ್ಕು ಇಲ್ಲಿಗೆ ಬಂದಿದ್ದ ಇಟಲಿಯ ಯುದ್ಧಕೈದಿಗಳೂ ಇದ್ದರು. ಇಂದು ಅಲ್ಲಿ ವಾಯುಪಡೆಯ ನೆಲೆಗಳಿವೆ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳು ಬರುವುದಕ್ಕೆ ಮುಂಚೆಯೇ ನಮ್ಮ ಈ ನೆಲ ಸೆರೆಯಾಳುಗಳನ್ನೂ ಗಾಯಾಳುಗಳನ್ನೂ ಕಂಡಿತ್ತು.

ಊರಿನ ಆ ಬದಿಗೆ ಹೋಗೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ವಿಮಾನ ಕಾರ್ಖಾನೆ ಶುರುಮಾಡಿದರು. 1943ರಲ್ಲಿ ಅಮೆರಿಕದ ವಾಯುಸೇನೆ ಅದನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡು ಪೂರ್ವ ರಣರಂಗದ ವಿಮಾನಗಳನ್ನು ಇಲ್ಲಿ ರಿಪೇರಿ ಮಾಡಿಸಿತು. ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯ ಸಂಗತಿ ಅದರ ನಂತರದ್ದು. ಯುದ್ಧ ಮುಗಿದ ಮೇಲೆ ಕಾನ್ಪುರದ ಮೈದಾನದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರೀ ಬಾಂಬರ್‌ಗಳನ್ನು ಬ್ರಿಟಿಷರು ಯಾರಿಗೂ ಉಪಯೋಗಕ್ಕೆ ಬಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಎಚ್‌ಎಎಲ್ ಕೆಲಸಗಾರರು ಅಲ್ಲಿಗೇ ಹೋಗಿ ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವುಗಳಿಗೆ ಪೂರ್ತಿ ಕಾಯಕಲ್ಪವಾಯಿತು. ಹೀಗೆ ನಲವತ್ತರಷ್ಟು ಬಾಂಬರ್‌ಗಳು ಜೀವ ಪಡೆದವು. 1948ರ ನವೆಂಬರಿನಲ್ಲಿ ಹುಟ್ಟಿದ 5ನೇ ಸ್ಕ್ವಾಡ್ರನ್ನಿಗೆ ಸಿಕ್ಕಿದ್ದು ಇವೇ. ಸ್ವತಂತ್ರ ಭಾರತದ ಮೊದಲ ಬಾಂಬರ್ ದಳ ಎದ್ದು ನಿಂತದ್ದು ಸ್ಪ್ಯಾನರ್ ಹಿಡಿದ ಕೈಗಳಿಂದ. ಅಂಥವೇ ಕೈಗಳು ಇಂದೂ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ವಿಮಾನದ ಬಿಡಿಭಾಗ ಕಡೆಯುತ್ತಿವೆ. ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿಯುವ ನಮ್ಮ ಹುಡುಗ ತಾನು ಕಡೆದ ಭಾಗ ಯಾರನ್ನು ಹೊತ್ತು ಎಲ್ಲಿಗೆ ಹಾರುತ್ತದೆ ಎಂದು ತಿಳಿದುಕೊಳ್ಳಬಾರದೇ?

ಇನ್ನು ಬೇರೆ ಊರಿನವರ ಹೆಸರು ಎಂಬ ಮಾತು. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣ ರಸ್ತೆಗೆ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ನಮ್ಮ ವೈಟ್‌ಫೀಲ್ಡ್ ಹುಡುಗರು ಎಷ್ಟು ಸಲ ಟ್ರಾಫಿಕ್ಕಿಗೆ ಸಿಕ್ಕಿರಬಹುದು. ಆ ದಾಸ್ ಬಂಗಾಳದವರು. ಬೆಂಗಳೂರಿನಲ್ಲಿ ಕಟ್ಟಿದ ಮಾರುತ್ ಜೆಟ್ಟನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು, 1970ರ ಜನವರಿ 10ರಂದು ಅದೇ ಮಾದರಿಯ ವಿಮಾನದಲ್ಲಿ ಇದೇ ಊರಿನಲ್ಲಿ ಪ್ರಾಣ ಬಿಟ್ಟವರು. ಊರು ಯಾವುದೆಂದು ಬೆಂಗಳೂರು ಅವರನ್ನು ಕೇಳಲಿಲ್ಲ. ಕನ್ನಡ ನಾಡಿನವರೇ ಆದ ದೇವಯ್ಯನವರನ್ನು ಕೇಳುವುದು ನ್ಯಾಯವೇ?

ಎರಡನೆಯದು ಹೆಚ್ಚು ಗಟ್ಟಿಯಾದ ವಾದ: "ಮಹಾವೀರ ಚಕ್ರ ಬಂದದ್ದು 23 ವರ್ಷ ತಡವಾಗಿ, ಅದೂ ಒಬ್ಬ ವಿದೇಶಿ ಬರೆದ ಪುಸ್ತಕ ನೋಡಿ. ನಮ್ಮವರು ಯಾರೂ ಕಣ್ಣಾರೆ ಕಂಡಿಲ್ಲ. ಅನುಮಾನವಿರುವ ಸಾಹಸಕ್ಕೆ ವೃತ್ತ ಯಾಕೆ?"

ನಡೆದದ್ದನ್ನು ಮೊದಲು ಕ್ರಮವಾಗಿ ನೋಡೋಣ. 1965ರ ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ ಅವರ ಮುಂದಾಳತ್ವದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮಿಸ್ಟೇರ್ ಫ್ರಾನ್ಸಿನ ಫೈಟರ್-ಬಾಂಬರ್. ನೆಲದ ಗುರಿಗಳನ್ನು ಹೊಡೆಯುವುದು ಅದರ ಕಸುಬು. ದಾಳಿಗೆ ಗೊತ್ತುಮಾಡಿದ್ದು 12 ವಿಮಾನ, ಯಾವುದಾದರೂ ಕೈಕೊಟ್ಟರೆ ಇರಲೆಂದು ಇನ್ನೆರಡು. ಆ ಎರಡರಲ್ಲಿ ಒಂದು ದೇವಯ್ಯನವರದು. ಒಂದು ವಿಮಾನ ತಂಡದಿಂದ ಹಿಂದೆ ಸರಿದಾಗ ಅವರು ಸೇರಿಕೊಂಡರು. ದಾಳಿ ಮುಗಿಯಿತು. ಉಳಿದವರು ಮರಳಿದರು, ದೇವಯ್ಯ ಮರಳಲಿಲ್ಲ. ಕಡತದಲ್ಲಿ ಅವರು ಕಾಣೆಯಾದವರಾಗಿ ಉಳಿದರು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ವಾಯುಕದನಗಳ ಬಗ್ಗೆ ಪುಸ್ತಕ ತಂದರು. ಪಾಕಿಸ್ತಾನಿ ವಾಯುಪಡೆಯ ಸಹಕಾರ ಪಡೆದು ಬರೆದ ಪುಸ್ತಕ ಅದು. ಅಂದು ಬೆಳಿಗ್ಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಬಿದ್ದುಹೋಯಿತು, ಅಮ್ಜದ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು ಎಂಬುದು ಅದರಿಂದ ತಿಳಿಯಿತು. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದ ಅಮೆರಿಕನ್ ಜೆಟ್, ಪಾಕಿಸ್ತಾನದ ಹೆಮ್ಮೆ. ಅದನ್ನು ಕೆಡವಿದೆ ಎಂದು ಮರಳಿ ಬಂದ ಭಾರತೀಯ ಪೈಲಟ್‌ಗಳಲ್ಲಿ ಒಬ್ಬರೂ ಹೇಳಿಕೊಂಡಿರಲಿಲ್ಲ. ಹಾಗಾದರೆ ಕೆಡವಿದವರು ಯಾರು? ಆ ದಾಳಿಯಿಂದ ಮರಳದೆ ಉಳಿದವರು ಒಬ್ಬರೇ.

ಕಣ್ಣಾರೆ ಕಂಡವರಿಲ್ಲ ಎನ್ನುತ್ತೀರಿ. ಕಂಡವರಿದ್ದಾರೆ, ಅವರು ಎದುರಾಳಿ. ಯಾವ ನ್ಯಾಯಾಲಯದಲ್ಲೂ ತನಗೇ ಹಾನಿಯಾಗುವ ಮಾತನ್ನು ಒಪ್ಪಿಕೊಂಡವನ ಹೇಳಿಕೆಗೆ ತೂಕ ಹೆಚ್ಚು. ಉರುಳಿದ ಮಿಸ್ಟೇರಿನ ಚೂರುಗಳಿಗೆ ಸಿಕ್ಕಿ ಸ್ಟಾರ್‌ಫೈಟರ್ ಬಿತ್ತು ಎಂಬ ಮಾತೂ ಪಾಕಿಸ್ತಾನದ ಕಡೆಯಿಂದ ಬಂದದ್ದುಂಟು. ಅದನ್ನೂ ಓದಿಯೇ ಈ ಮಾತು ಹೇಳುತ್ತಿದ್ದೇನೆ. ಫ್ರಿಕರ್ ಕೊಟ್ಟ ವಿವರ ಕಾದಾಟದ್ದು, ಅಪಘಾತದ್ದಲ್ಲ. ಅದನ್ನು ಓದಿದ ಮೇಲೆ ತನೇಜಾ ಸುಮ್ಮನಿರಲಿಲ್ಲ. ತಮ್ಮ ಹುಡುಗನಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದು ವಾಯುಪಡೆಗೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು. ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ. ವರ್ಷಗಟ್ಟಲೆ ಆ ಮನೆಯವರಿಗೆ ಅವರು ಸತ್ತದ್ದು ಹೇಗೆ ಎಂಬುದೂ ಗೊತ್ತಿರಲಿಲ್ಲ. ತಡವಾದದ್ದಕ್ಕೆ ತಲೆತಗ್ಗಿಸಬೇಕಾದವರು ದೇವಯ್ಯನವರಲ್ಲ.

ವೈಮಾನಿಕರ ಸಾಹಸ ತಡವಾಗಿ ಬೆಳಕಿಗೆ ಬರುವುದು ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ. ಕಾಲಾಳಿನ ಸಾಹಸಕ್ಕೆ ಪಕ್ಕದ ಕಂದಕದವನು ಸಾಕ್ಷಿ. ಬಾಂಬರಿನಲ್ಲಿ ಸಾಕ್ಷಿಗಳೆಲ್ಲ ಅದೇ ವಿಮಾನದೊಳಗೆ ಇರುತ್ತಾರೆ, ಅದರ ಜೊತೆಗೇ ಬೀಳುತ್ತಾರೆ. 1944ರ ಏಪ್ರಿಲ್ 26ರ ರಾತ್ರಿ ಜರ್ಮನಿಯ ಷ್ವೈನ್‌ಫುರ್ಟ್ ಮೇಲೆ ಹೋಗಿದ್ದ ಬ್ರಿಟನ್ನಿನ ಒಂದು ಲ್ಯಾಂಕಾಸ್ಟರ್ ಬಾಂಬರಿನ ರೆಕ್ಕೆಗೆ ಬೆಂಕಿ ಹತ್ತಿತು. ಅದರ ಫ್ಲೈಟ್ ಎಂಜಿನಿಯರ್ ನಾರ್ಮನ್ ಜಾಕ್ಸನ್ ಬೆಂಕಿ ಆರಿಸುವ ಸಿಲಿಂಡರನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು, ಹಾರುತ್ತಿರುವ ವಿಮಾನದಿಂದ ಹೊರಗೆ ತೆವಳಿ ರೆಕ್ಕೆಯ ಮೇಲೆ ಹೋದ. ಅವನ ಪ್ಯಾರಾಶೂಟ್ ಒಳಗೇ ಬಿಚ್ಚಿಕೊಂಡಿತ್ತು, ಜೊತೆಗಾರರು ಅದರ ಹಗ್ಗಗಳನ್ನು ಹಿಡಿದಿದ್ದರು. ಮೈ ಸುಟ್ಟು, ಗುಂಡಿನೇಟು ತಿಂದು, ಅರೆಸುಟ್ಟ ಪ್ಯಾರಾಶೂಟಿನಲ್ಲಿ ನೆಲಕ್ಕೆ ಬಿದ್ದು ಸೆರೆಯಾದ. ಸುಮಾರು 10 ತಿಂಗಳು ಆಸ್ಪತ್ರೆಯಲ್ಲಿದ್ದ. ಇದು ಹೊರಜಗತ್ತಿಗೆ ತಿಳಿದದ್ದು ಸೆರೆಯಲ್ಲಿದ್ದ ಅವನ ಜೊತೆಗಾರರು ಬಿಡುಗಡೆಯಾಗಿ ಬಂದು ಹೇಳಿದ ಮೇಲೆ. ವಿಕ್ಟೋರಿಯಾ ಕ್ರಾಸ್ ಘೋಷಣೆಯಾದದ್ದು 1945ರ ಅಕ್ಟೋಬರಿನಲ್ಲಿ. ನ್ಯೂಜಿಲೆಂಡಿನ ಲೆನ್ ಟ್ರೆಂಟ್ ಕಥೆಯೂ ಹಾಗೆಯೇ. 1943ರ ಮೇ 3ರಂದು ಆಮ್‌ಸ್ಟರ್‌ಡ್ಯಾಮ್ ಮೇಲಿನ ದಾಳಿಯಲ್ಲಿ ಅವರ ದಳ ಹೆಚ್ಚುಕಡಿಮೆ ನಿರ್ನಾಮವಾಯಿತು, ಅವರು ಸೆರೆಯಾದರು, ಪದಕ ಬಂದದ್ದು 1946ರಲ್ಲಿ. ಸತ್ಯ ಸೆರೆಮನೆಯಲ್ಲಿದ್ದರೆ ಅದು ಬಿಡುಗಡೆಯಾಗುವವರೆಗೆ ಕಾಯಲೇಬೇಕು. ದೇವಯ್ಯನವರ ಸತ್ಯ ಎದುರಾಳಿಯ ಮನೆಯಲ್ಲಿತ್ತು. ಹಾಗಾಗಿ ಇನ್ನೂ ತಡವಾಯಿತು.

ಮೂರನೆಯದು: "ಕಾದಾಟಕ್ಕೆ ಇಳಿಯಬೇಡಿ ಎಂದು ಹೇಳಿದ್ದರೂ ಇಳಿದರು. ಅದು ಶೌರ್ಯವಲ್ಲ, ಆವೇಶ."

ಆದಂಪುರದಿಂದ ಸರ್ಗೋಧಾಕ್ಕೆ ಹೋಗಿಬರಲು ಮಿಸ್ಟೇರಿನ ಇಂಧನ ಅಳೆದುಸುರಿದಂತೆ ಸಾಕಾಗುತ್ತಿತ್ತು. ಸುಮ್ಮನೆ ಜಗಳ ತೆಗೆಯಬೇಡಿ ಎಂಬ ಎಚ್ಚರಿಕೆಯ ಅರ್ಥ ಅಷ್ಟೇ. ಅವರು ಜಗಳ ಹುಡುಕಿಕೊಂಡು ಹೋಗಲಿಲ್ಲ, ಮನೆಯ ದಾರಿಯಲ್ಲಿದ್ದಾಗ ಅದೇ ಬೆನ್ನಟ್ಟಿ ಬಂತು. ಓಡಿದರೆ ಎರಡು ಪಟ್ಟು ವೇಗದವನ ಕೈಗೆ ಸಿಕ್ಕೇ ಸಿಗುತ್ತಿದ್ದರು. ಸ್ಟಾರ್‌ಫೈಟರಿನ ರೆಕ್ಕೆ ಗಿಡ್ಡ, ತೆಳು. ನೇರ ಓಟಕ್ಕೆ ಅದು ಹುಲಿ, ತಿರುವಿನಲ್ಲಿ ಬಡವ. ಹಳೆಯ ಮಿಸ್ಟೇರ್ ಅದಕ್ಕಿಂತ ಚೆನ್ನಾಗಿ ಮಾಡಬಲ್ಲ ಒಂದೇ ಕೆಲಸ ಚಿಕ್ಕ ಸುತ್ತಿನಲ್ಲಿ ತಿರುಗುವುದು. ದೇವಯ್ಯ ತಿರುಗಿದರು. ಅವರು ಎಳೆಯ ಹುಡುಗರಿಗೆ ಹಾರಾಟ ಕಲಿಸಿದ್ದ ಶಿಕ್ಷಕರು, 32 ವರ್ಷದವರು, ವಿಮಾನದ ಬಲವನ್ನೂ ಬಲಹೀನತೆಯನ್ನೂ ಬಲ್ಲವರು. ನಮ್ಮಲ್ಲಿ ಯಂತ್ರ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಲ್ಕನೆಯ ಆಕ್ಷೇಪ ಓದಿದಾಗ ನನಗೆ ನಿಜವಾಗಿ ನೋವಾಯಿತು: "ಸತ್ತವರಿಗೆ ಗೌರವ ಕೊಡೋಣ. ಆದರೆ ಸೆರೆಸಿಕ್ಕವರ ಫಲಕ ಯಾಕೆ? ಸಿಕ್ಕಿಬೀಳುವುದರಲ್ಲಿ ಏನು ಸಾಧನೆ? ಅದರಲ್ಲೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನಿಗೆ ಪಾಕಿಸ್ತಾನದ ಸೆರೆಯಲ್ಲಿ ಸಿಕ್ಕಿದ್ದು ರಾಜೋಪಚಾರ."

ಬಾಂಬರಿನೊಳಗೆ ಕೂರುವುದು ಎಂದರೇನು ಎಂಬುದರಿಂದ ಶುರುಮಾಡುತ್ತೇನೆ. 1957ರಿಂದ 2007ರವರೆಗೆ, ಐವತ್ತು ವರ್ಷ, ನಮ್ಮ ವಾಯುಪಡೆಯಲ್ಲಿ ಕ್ಯಾನ್‌ಬೆರಾ ಎಂಬ ಜೆಟ್ ಬಾಂಬರ್ ಇತ್ತು. ಅದರ ದಾಳಿ ಮಾದರಿಯಲ್ಲಿ ಇಬ್ಬರು: ಮೇಲೆ ಗಾಜಿನ ಗುಮ್ಮಟದಡಿ ಪೈಲಟ್, ಕೆಳಗೆ ಮೂತಿಯಲ್ಲಿ ನ್ಯಾವಿಗೇಟರ್. ಪೈಲಟ್‌ಗೆ ಎಜೆಕ್ಷನ್ ಸೀಟ್ ಇತ್ತು, ನ್ಯಾವಿಗೇಟರ್‌ಗೆ ಇರಲಿಲ್ಲ. ವಿಮಾನಕ್ಕೆ ಪೆಟ್ಟು ಬಿದ್ದರೆ ಅವನು ಪ್ಯಾರಾಶೂಟ್ ಕಟ್ಟಿಕೊಂಡು ಪಕ್ಕದ ಬಾಗಿಲಿಗೆ ತೆವಳಿ ಜಿಗಿಯಬೇಕು. ಕರಾಚಿಯ ಮೇಲೆ ಕತ್ತಲಲ್ಲಿ ತಗ್ಗಿನಲ್ಲಿ ಹಾರುವಾಗ ಅಷ್ಟು ಸಮಯ ಯಾರು ಕೊಡುತ್ತಾರೆ? ಇದನ್ನು ತಿಳಿದೇ ಅವರು ಪ್ರತಿ ರಾತ್ರಿ ಹತ್ತಿ ಕೂತರು. ಅಂಥವನು ಜೀವಂತ ನೆಲ ಮುಟ್ಟಿ ಶತ್ರುವಿನ ಕೈಗೆ ಸಿಕ್ಕರೆ, ಆ ಸಿಕ್ಕಿಬೀಳುವುದಕ್ಕೆ ಮುಂಚಿನದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿಕ್ಕಮೇಲೂ ಕೆಲಸ ಮುಗಿಯುವುದಿಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿ ಹೇಳಲೇಬೇಕಾದ್ದು ಹೆಸರು, ಹುದ್ದೆ, ಸಂಖ್ಯೆ, ಹುಟ್ಟಿದ ದಿನ. ಉಳಿದದ್ದನ್ನು ಬಾಯಿಬಿಡದೆ ಇರುವುದು ಒಂಟಿಯಾಗಿ ಮಾಡಬೇಕಾದ ಯುದ್ಧ. 1971ರ ಯುದ್ಧದಲ್ಲಿ, ಡಿಸೆಂಬರ್ 5ರಂದು, ಫ್ಲೈಟ್ ಲೆಫ್ಟಿನೆಂಟ್ ಜವಾಹರ್ ಲಾಲ್ ಭಾರ್ಗವ ಸಿಂಧ್‌ನ ಮರಳುಗಾಡಿನಲ್ಲಿ ಬಿದ್ದರು. ಅವರು ಹಾರಿಸುತ್ತಿದ್ದದ್ದು ಬೆಂಗಳೂರಿನಲ್ಲಿ ಕಟ್ಟಿದ ಮಾರುತ್. ಮನ್ಸೂರ್ ಅಲಿ ಎಂಬ ಪಾಕಿಸ್ತಾನಿ ಪೈಲಟ್ ಎಂದು ಹೇಳಿಕೊಂಡು, ಗಡಿಯಾರವನ್ನು ಆ ದೇಶದ ಸಮಯಕ್ಕೆ ತಿರುಗಿಸಿಕೊಂಡು, ಹಳ್ಳಿಗರ ನಡುವೆ ದಾರಿ ಕೇಳುತ್ತ ನಡೆದರು. ಕೊನೆಗೆ ಇಸ್ಲಾಮಿನ ಕಲ್ಮಾ ಹೇಳು ಎಂದಾಗ ಸಿಕ್ಕಿಬಿದ್ದರು. ಮುಂದಿನ ವರ್ಷ ಆಗಸ್ಟ್ 13ರ ಹೊತ್ತಿಗೆ ರಾವಲ್ಪಿಂಡಿಯ ಸೆರೆಶಿಬಿರದ ಗೋಡೆ ಕೊರೆದು ನಮ್ಮ ವೈಮಾನಿಕರಾದ ದಿಲೀಪ್ ಪಾರುಲ್ಕರ್, ಮಲ್ವಿಂದರ್ ಸಿಂಗ್ ಗ್ರೇವಾಲ್, ಹರೀಶ್ ಸಿಂಹಜಿ ಹೊರಬಿದ್ದರು. ಆಫ್ಘನ್ ಗಡಿಯ ಹತ್ತಿರದ ಲಂಡಿಕೋತಲ್‌ವರೆಗೆ ಮುಟ್ಟಿದರು. ಅಲ್ಲಿ ಲಂಡಿಖಾನಾ ಎಂಬ ರೈಲು ನಿಲ್ದಾಣದ ದಾರಿ ಕೇಳಿದರು. ಅದು 1932ರಲ್ಲೇ ಮುಚ್ಚಿಹೋಗಿತ್ತು. ಅನುಮಾನ ಬಂದು ಹಿಡಿದರು. ಗಡಿ ಕೈಗೆಟುಕುವಷ್ಟು ಹತ್ತಿರವಿತ್ತು. ಇದರಲ್ಲಿ ಸಾಧನೆ ಏನು ಎಂದು ಕೇಳುವವರು ಆ ಗೋಡೆಯ ಒಳಗೆ ಒಂದು ರಾತ್ರಿಯನ್ನಾದರೂ ಮನಸ್ಸಿನಲ್ಲಿ ಕಳೆಯಲಿ.

ಕಾರ್ಯಪ್ಪನವರ ವಿಷಯ. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಮನೆಯವರಿಗೆ ನಂದಾ, 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನದಲ್ಲಿ ನೆಲದ ದಾಳಿಗೆ ಹೋದರು. ಮರುದಿನ ನಸುಕಿಗೆ ಕದನವಿರಾಮ. ಅಂಥ ದಿನ ವಿಮಾನಕ್ಕೆ ಗುಂಡು ತಗುಲಿ ಹೊರಹಾರಿ, ಬೆನ್ನುಮೂಳೆಗೆ ಏಟು ಬಿದ್ದು, ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ತಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬೇಗ ಬಿಡುವ ಮಾತು ಬಂತು. ತಂದೆ ಆಗಿನ್ನೂ ಫೀಲ್ಡ್ ಮಾರ್ಷಲ್ ಆಗಿರಲಿಲ್ಲ, ನಿವೃತ್ತ ಜನರಲ್. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂಬ ಅರ್ಥದ ಉತ್ತರ ಕೊಟ್ಟರು. ಅಯೂಬರ ಹೆಂಡತಿಯೂ ಮಗನೂ ಬಂದು ನೋಡಿ ಸಿಗರೇಟು, ಕಾದಂಬರಿ ಕೊಟ್ಟದ್ದೂ ನಿಜ. ಅದನ್ನೇ ರಾಜೋಪಚಾರ ಎಂದರೆ, ಮನೆಗೆ ಹೋಗುವ ಬಾಗಿಲು ಮುಚ್ಚಿಸಿದ ತಂದೆಯ ಮಾತಿಗೆ, ಅದರ ಬೆಲೆಯನ್ನು ಮೈಯಲ್ಲಿ ತೆತ್ತ ಮಗನಿಗೆ ಏನು ಹೆಸರು ಕೊಡುತ್ತೀರಿ? ಉಳಿದವರ ಜೊತೆಗೇ ಅವರು ಮರಳಿದ್ದು 1966ರ ಜನವರಿಯಲ್ಲಿ. ಮತ್ತೆ ಸೇವೆಗೆ ಸೇರಿ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಸೆರೆ ಎಂಬುದು ಯಾರ ಪಾಲಿಗೂ ಬರಬಹುದು. ದೇವಯ್ಯನವರ ಎದುರಾಳಿ ಅಮ್ಜದ್ ಹುಸೇನರ ಪಾಲಿಗೂ ಬಂತು. 1971ರ ಡಿಸೆಂಬರ್ 5ರಂದು, ಭಾರ್ಗವ ಬಿದ್ದ ದಿನವೇ, ಅಮೃತಸರದ ಬಳಿ ಅವರ ಸ್ಟಾರ್‌ಫೈಟರನ್ನು ನಮ್ಮ ನೆಲದ ತೋಪುಗಳು ಉರುಳಿಸಿದವು. ಅವರೂ ಭಾರತದ ಕೈದಿಯಾಗಿ ಇದ್ದು ಹೋದರು. ಅದರಿಂದ ಅವರ ಹಿಂದಿನ ಧೈರ್ಯ ಕುಂದಿತು ಎಂದು ನಾನು ಹೇಳಲಾರೆ.

ಮರಳದ ಕೈದಿಗಳ ಮಾತು ಇನ್ನೂ ಕಠಿಣ. 1971ರಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಂಬಲಾದ 54 ಸೈನಿಕರ ಪಟ್ಟಿ ನಮ್ಮ ಸರ್ಕಾರದ್ದೇ. ಅದರಲ್ಲಿ ವಾಯುಪಡೆಯವರು ಹಲವರು, ಕ್ಯಾನ್‌ಬೆರಾದ ನ್ಯಾವಿಗೇಟರುಗಳೂ ಇದ್ದಾರೆ. ಅಂಥವರು ನಮ್ಮಲ್ಲಿಲ್ಲ ಎಂಬುದು ಪಾಕಿಸ್ತಾನದ ಉತ್ತರ. 2007ರಲ್ಲಿ ಬಂಧುಗಳೇ ಅಲ್ಲಿನ ಜೈಲುಗಳಿಗೆ ಹೋಗಿ ನೋಡಿ ಬರಿಗೈಯಲ್ಲಿ ಬಂದರು. ಸತ್ತವರಿಗೆ ತಿಥಿಯಾದರೂ ಉಂಟು. ಇವರಿಗೆ ಅದೂ ಇಲ್ಲ. ಫಲಕದ ನಾಲ್ಕು ಸಾಲು ಬೇಕು ಎಂದು ನಾನು ಹಟ ಹಿಡಿದಿರುವುದು ಮುಖ್ಯವಾಗಿ ಇವರಿಗಾಗಿ.

ಐದನೆಯದು: "ಬಾಂಬ್ ಹಾಕುವುದು ಕೊಲೆ. ಮಕ್ಕಳು ಓಡಾಡುವ ವೃತ್ತದಲ್ಲಿ ಯುದ್ಧವನ್ನು ಮೆರೆಸಬೇಡಿ."

ಈ ಮಾತಿನ ಹಿಂದಿರುವ ಅಂತಃಕರಣ ನನ್ನದೂ ಹೌದು. ಹ್ಯಾಂಬರ್ಗ್, ಡ್ರೆಸ್ಡೆನ್ ನಗರಗಳನ್ನು ಜನರ ಸಮೇತ ಸುಟ್ಟದ್ದನ್ನು ನಾನು ಎಂದೂ ಹೊಗಳಲಾರೆ. ಬ್ರಿಟನ್ನೂ ಆ ಸಂಕಟದಲ್ಲೇ ಇತ್ತು. ಅದರ ಬಾಂಬರ್ ಕಮಾಂಡಿನಲ್ಲಿ ಹಾರಿದ 1,25,000 ಮಂದಿಯಲ್ಲಿ 55,573 ಮಂದಿ ಸತ್ತರು, ಸುಮಾರು 10,000 ಮಂದಿ ಸೆರೆಯಾದರು. ಆದರೂ ಲಂಡನ್ನಿನಲ್ಲಿ ಅವರ ಸ್ಮಾರಕ ಎದ್ದದ್ದು 2012ರಲ್ಲಿ. ಹಾರಿದವನ ಧೈರ್ಯ ಬೇರೆ, ಕಳಿಸಿದವನ ತೀರ್ಮಾನ ಬೇರೆ. ಎರಡನ್ನೂ ತೂಗಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು. ಸರ್ಗೋಧಾದಲ್ಲಿ ಗುರಿ ಊರಲ್ಲ, ವಾಯುನೆಲೆ.

ಮೆರೆಸುವ ಮಾತಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಿಕ್ಕಿನಲ್ಲಿ ಬೇಗೂರಿದೆ. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ, ಸುಮಾರು 890ರ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನ ಹೆಸರನ್ನು ಅದು ಹೇಳುತ್ತದೆ. ಬೆಂಗಳೂರು ಎಂಬ ಊರಿನ ಹೆಸರು ಅಷ್ಟು ಹಿಂದೆಯೇ ಕಾಣಸಿಗುವುದು ಒಬ್ಬ ಸತ್ತವನ ನೆನಪಿನ ಕಲ್ಲಿನಲ್ಲಿ. ಆ ಕಾಳಗ ಸರಿಯೋ ತಪ್ಪೋ ಎಂದು ಕಲ್ಲು ತೀರ್ಪು ಕೊಡುವುದಿಲ್ಲ. ಯಾರು, ಎಲ್ಲಿ, ಏನಾದರು ಎಂದಷ್ಟೇ ಹೇಳುತ್ತದೆ. ನಾನು ಕೇಳುತ್ತಿರುವ ಫಲಕದ ಕೆಲಸವೂ ಅಷ್ಟೇ. ಅದರಲ್ಲಿ ಶತ್ರುವನ್ನು ಹೀಯಾಳಿಸುವ ಒಂದು ಪದವೂ ಇರಬಾರದು ಎಂಬ ಷರತ್ತನ್ನು ನಾನೇ ಹಾಕುತ್ತೇನೆ.

ಕೊನೆಯದು: "ಈಗ ಸಿನಿಮಾ ಬಂದಿದೆ, ಎಲ್ಲರಿಗೂ ಗೊತ್ತಾಗಿದೆ. ಇನ್ನು ಫಲಕ ಯಾಕೆ?"

2025ರ ಜನವರಿಯಲ್ಲಿ ತೆರೆಗೆ ಬಂದ ಹಿಂದಿ ಚಿತ್ರ 'ಸ್ಕೈ ಫೋರ್ಸ್' ಸರ್ಗೋಧಾ ದಾಳಿಯ ಎಳೆಯನ್ನೇ ಹಿಡಿದದ್ದು. ಅದರಲ್ಲಿ ದೇವಯ್ಯನವರ ಜಾಗದಲ್ಲಿ ನಿಲ್ಲುವ ಪಾತ್ರದ ಹೆಸರು ಟಿ. ಕೃಷ್ಣ ವಿಜಯ. ಆ ಪಾತ್ರಕ್ಕೆ ಅಜ್ಜಮಾಡ ಮನೆತನದ ಹೆಸರಿಲ್ಲ. ಚಿತ್ರ ನೋಡಿ ಬಂದ ನಮ್ಮ ಬಡಾವಣೆಯ ಮಗು ಆ ಪೈಲಟ್ ಯಾರೆಂದು ಕೇಳಿದರೆ ತೋರಿಸಲು ನಮ್ಮ ಹತ್ತಿರ ಏನಿದೆ? ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ, ವೃತ್ತವಿದೆ. ಇಲ್ಲಿ ಪ್ರತಿಮೆ ಬೇಡ, ಅಷ್ಟು ಹಣ ನಮ್ಮಲ್ಲಿಲ್ಲ. ಒಂದು ಕಲ್ಲಿನ ಹಲಗೆ, ಕನ್ನಡದಲ್ಲಿ ಪೂರ್ತಿ ಹೆಸರು, 1965ರ ಸೆಪ್ಟೆಂಬರ್ 7 ಎಂಬ ತಾರೀಖು, ಆದಂಪುರ, ಸರ್ಗೋಧಾ, 1988ರ ಮಹಾವೀರ ಚಕ್ರ, ಕೆಳಗೆ ಸೆರೆಯಾದವರ ಮತ್ತು ಕಾಣೆಯಾದವರ ನಾಲ್ಕು ಸಾಲು. ಕೆತ್ತುವ ಮುನ್ನ ಕರಡನ್ನು ಸಂಘದ ಮುಂದಿಡುತ್ತೇನೆ. ಆಕ್ಷೇಪಣೆಗೆ ಸಹಿ ಹಾಕಿದವರೇ ಮೊದಲು ಓದಿ ತಿದ್ದಲಿ.